ಭಟ್ಟಿಮನೆಯ ದಮ್ಮು

ದಾವಣಗೆರೆ
ಫೆಬ್ರವರಿ ಮೂವತ್ತು, ೨೧೯೬

ಮುತ್ತಜ್ಜಿಯ ಮುತ್ತಜ್ಜಿ ಹಾಲಮ್ಮನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ಊರಿಗೆಲ್ಲ ರಜೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಬೆಳಗಾದರೆ ಮೊದಲು ಬರುವವಳು ಗಾಳಿಗಾವಲಿನವಳು. ಬೀದಿಯ ಗಾಳಿ ಅಳೆದು ಅವಳು ಬೇಡವೆಂದರೆ ಅಂದು ಯಾರೂ ಬೆಂಕಿ ಹಚ್ಚುವಂತಿಲ್ಲ. ನಿಮ್ಮ ಮಂಡಕ್ಕಿ ಭಟ್ಟಿಗೆ ಹಳೇ ಟೈರು ಹಾಕುತ್ತಿದ್ದರೆಂದರೆ, ಕಥೆ ಕಟ್ಟಬೇಡ ಎಂದು ನನ್ನನ್ನೇ ಗದರುತ್ತಾಳೆ.

ನಮ್ಮಲ್ಲಿ ಯಾರು ಕೆಮ್ಮಿದರೂ ನಿಮ್ಮ ಹೆಸರೆತ್ತುತ್ತಾರೆ ಅಜ್ಜಿ. ಹಾಲಮ್ಮ ತವರಿನಿಂದ ದಮ್ಮು ತಂದಳು, ಗಂಡುಮಕ್ಕಳಿಬ್ಬರಿಗೂ ಕೊಟ್ಟಳು, ನಾಲ್ಕು ವರ್ಷದ ಮಗಳನ್ನು ಹರಿಹರದ ತಂಗಿ ಮನೆಗೆ ಸಾಗಹಾಕಿದಳು. ನಾನು ಕೇಳಿ ಬೆಳೆದ ನಿಮ್ಮ ಚರಿತ್ರೆ ಇಷ್ಟೇ. ನಾನು ಆ ಮಗಳು ಗಿರಿಜವ್ವನ ಸಂತಾನ. ಹೋದ ತಿಂಗಳು ನನ್ನ ಏಳು ವರ್ಷದ ಹೊನ್ನಿ ಹತ್ತು ದಿನ ಬಿಡದೆ ಕೆಮ್ಮಿದಳು. ಬಂತು ನೋಡು ಹಾಲಮ್ಮನ ರಕ್ತ ಎಂದರು ಎಲ್ಲರೂ. ಸುಳ್ಳೇಕೆ, ನಾನೂ ನಿಮ್ಮನ್ನು ಬೈದೆ.

ಆಮೇಲೆ ನಿಮ್ಮ ಗಂಡನ ಕಡೆಯ ಭಟ್ಟಿಮನೆಯವರ ವಂಶವೃಕ್ಷ ತರಿಸಿದೆ. ದಮ್ಮಿದ್ದವರ ಹೆಸರಿನ ಪಕ್ಕ ಕರಿ ಚುಕ್ಕಿ. ಎಲ್ಲ ಗಂಡಸರೇ, ಸೊಸೆಯಂದಿರ ಹೆಸರು ಬರೆಯುವ ಪದ್ಧತಿಯೇ ಅವರಲ್ಲಿ ಇಲ್ಲ. ಅದೇ ಪೆಟ್ಟಿಗೆಯಲ್ಲಿದ್ದ ಹಳೇ ಆಸ್ಪತ್ರೆ ಚೀಟಿಗಳನ್ನು ನೋಡಿ ಸೊಸೆಯಂದಿರನ್ನೂ ನಾನು ಸೇರಿಸಿ ಬರೆದೆ. ನಿಮ್ಮ ಅತ್ತೆಗೆ ದಮ್ಮು. ವಾರಗಿತ್ತಿಗೂ ದಮ್ಮು. ನೀವೂ ಸೇರಿ ಮೂವರಿಗೂ ಬೇರೆ ಬೇರೆ ತವರು, ಕೂತದ್ದು ಮಾತ್ರ ಒಂದೇ ಭಟ್ಟಿಯ ಮುಂದೆ. ಇನ್ನೂರು ವರ್ಷ ಇದು ಒಬ್ಬರ ಕಣ್ಣಿಗೂ ಬೀಳಲಿಲ್ಲವಲ್ಲ! ನಿಮ್ಮ ಚೀಟಿಯ ಹಿಂದೆ ಡಾಕ್ಟರು ಒಂದು ಸಾಲು ಬರೆದಿದ್ದರು: ಮಗುವನ್ನು ಹೊಗೆಯಿಂದ ದೂರವಿಡಿ.

ನಿನ್ನೆ ಹೊನ್ನಿ ಉಸಿರುಹಾಳೆಗೆ ಊದಿದಳು. ಎದೆ ಕೆಟ್ಟಿದ್ದರೆ ಕಪ್ಪಾಗುವ ಹಾಳೆ ಅದು. ಬೆಳ್ಳಗೇ ಉಳಿಯಿತು. ಬರೀ ನೆಗಡಿಯಂತೆ. “ಅವ್ವಾ, ಊದೀನಲ್ಲ, ಈಗಾದ್ರೂ ಮಂಡಕ್ಕಿ ಕೊಡ್ಸು” ಅಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಜೀವ ಅಷ್ಟು ಹಗುರವಾಗಿತ್ತು.

ನಿಮ್ಮ ಹೆಸರು ಈಗ ವಂಶವೃಕ್ಷದಲ್ಲಿದೆ. ಈ ಕಾಗದ ಗಿರಿಜವ್ವ ಹೊರಡುವ ಮೊದಲೇ ಕೈಸೇರಿದರೆ ನನ್ನದೊಂದೇ ಬೇಡಿಕೆ: ಜನ ಏನಾದರೂ ಅಂದುಕೊಳ್ಳಲಿ, ಕಳಿಸಿಬಿಡಿ. ಬಸ್ಸು ಹೊರಟಾಗ ಅಳಬೇಡಿ. ಅವಳು ಎಂಬತ್ತೊಂದು ವರ್ಷ ಬದುಕುತ್ತಾಳೆ, ಒಂದು ದಿನವೂ ದಮ್ಮಿಲ್ಲದೆ.

ನಿಮ್ಮ ಗಿರಿಜವ್ವನ ಕುಡಿ,
ಶಿವಲೀಲೆ