ಹನ್ನೆರಡು ಗಂಟೆ ಕಾವು

ಸೆ. 30, ಮಂಗಳವಾರ

ಚಿಕ್ಕಲಸಂದ್ರ ಐಸ್‌ಕ್ರೀಮ್ ಗೋಡೌನ್. ಎಣ್ಣೆ ಸರಿ ಇದೆ. ಕಂಪ್ರೆಸರ್ ಹೊಟ್ಟೆ ಮುಟ್ಟಿ ನೋಡಿದೆ — ಬೆಚ್ಚಗಿತ್ತು. ಎಣ್ಣೆ ಕಾಯಿಸೋ ಹೀಟರ್ ಬದುಕಿದೆ.

ನಾಳೆ ಆಯುಧಪೂಜೆ. ಓನರ್ ತಿಮ್ಮರಾಯಪ್ಪ ಸ್ಟಾಕ್ ಖಾಲಿ ಮಾಡಿಸಿ ಇವತ್ತೇ ಮೇನ್ ಸ್ವಿಚ್ ಆಫ್ ಮಾಡಿಸಿದರು.

"ಎತ್ತಿಗೂ ಒಂದಿನ ರಜಾ ಕೊಡ್ತಿದ್ವಿ ಕಣೋ ಮುನಿಯಣ್ಣ. ಮಿಷಿನ್‌ಗೆ ಬೇಡ್ವಾ?"

"ಹೀಟರ್ ಒಂದು ಆನ್ ಇರ್ಲಿ ಬಿಡಿ ಸಾರ್. ಅದು ಆರಿದ್ರೆ ಗ್ಯಾಸು ನೀರಾಗಿ ಬಂದು ಎಣ್ಣೇಲಿ ಕೂರುತ್ತೆ. ಹಂಗೇ ಸ್ಟಾರ್ಟ್ ಮಾಡಿದ್ರೆ ವಾಲ್ವ್ ಮುರಿಯುತ್ತೆ. ಸ್ಟಾರ್ಟ್‌ಗೆ ಮುಂಚೆ ಮತ್ತೆ ಹನ್ನೆರಡು ಗಂಟೆ ಎಣ್ಣೆ ಕಾಯಿಸ್ಬೇಕು."

"ಪಾಠ ಹೇಳ್ತಾನಪ್ಪ ಇವ್ನು."

ಅ. 1

ಗೇಟಲ್ಲೇ ನಿಲ್ಲಿಸಿದರು. ಪೂಜೆ ಆದ ಮಿಷಿನ್ ನಿಮ್ಮೋರು ಮುಟ್ಟಬಾರದು ಅಂದರು.

ಎಂಟು ವರ್ಷ ಅದರೊಳಗೆ ಮೊಣಕೈವರೆಗೆ ಇಳಿದ ಕೈ. ಮಿಷಿನ್ ಮೇಲೆ ಮೂರು ಬೆರಳು ಕುಂಕುಮ ಬಿತ್ತು — ಆ ಕೈ ಈಗ ಮೈಲಿಗೆ. ಥೂ.

ಅ. 2, ಬೆಳಿಗ್ಗೆ 9

ಏಳೂಮುಕ್ಕಾಲಿಗೆ ಒಳ್ಳೆ ಗಳಿಗೆಯಂತೆ. ತಿಮ್ಮರಾಯಪ್ಪ ಮೇನ್ ಕೊಟ್ಟರು, ಮರುಕ್ಷಣ ಸ್ಟಾರ್ಟ್ ಒತ್ತಿದರು. ಸ್ವಂತ ಕೈಯಲ್ಲಿ. ಗೇಟಾಚೆಯಿಂದ ಕಿರುಚಿದೆ — ಬೇಡ ಸಾರ್!

"ಅಪಶಕುನ ನುಡೀಬೇಡ ಮುಂಡೇದೆ!"

ಆಮೇಲೆ ಸದ್ದು. ಡಬ್ಬಕ್ಕೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ. ಹತ್ತು ಸೆಕೆಂಡು. ಸತ್ತಿತು.

ಈಗ ಮುಟ್ಟಬಹುದಂತೆ. ಬಿಚ್ಚು ಅಂದರು.

ಅ. 4

ಇನ್ಶೂರೆನ್ಸ್‌ಗೆ ಕಾಗದ ಬೇಕಂತೆ. ಹೀಟರ್ ಆಫ್ ಮಾಡಿದ್ದು ನನ್ನ ತಪ್ಪು ಅಂತ.

"ಬರೀ. ಕೆಲಸ ಉಳಿಯುತ್ತೆ. ನಿನ್ ಹೆಂಡ್ತಿದೂ."

ಲಕ್ಷ್ಮಮ್ಮ ಅಲ್ಲೇ ಗುಡಿಸ್ತಿದ್ದಳು. ತಲೆ ಎತ್ತಲಿಲ್ಲ.

ಬರೆದೆ. ಧರಣಿಗಳಲ್ಲಿ ಧಿಕ್ಕಾರ ಕೂಗಿದ ಗಂಟಲು, ಸಹಿ ಹಾಕುವಾಗ ಕೆಮ್ಮಲೂ ಇಲ್ಲ.

ಅ. 6

ಇಬ್ಬರನ್ನೂ ತೆಗೆದರು.

"ನೀನೇ ಬರ್ಕೊಟ್ಟಿದ್ದೀಯಲ್ಲಪ್ಪ. ತಪ್ಪು ಮಾಡ್ದೋನ್ನ ಹೆಂಗ್ ಇಟ್ಕೊಳ್ಳಿ?"

ಅ. 27, ಮಧ್ಯಾಹ್ನ

ಫೋನ್. ಶ್ರೀಕರ್ ಅಂತೆ, ನನ್ನ ಜಾಗಕ್ಕೆ ಬಂದ ಮೆಕ್ಯಾನಿಕ್. ಗೋಡೌನ್ ಗೋಡೆ ಮೇಲೆ ನನ್ನ ನಂಬರು ಸಿಕ್ತಂತೆ.

"ಅಣ್ಣಾ, ಹೊಸ ಕಂಪ್ರೆಸರ್ ಕೂರ್ಸಿ, ಗ್ಯಾಸ್ ತುಂಬಿ ಎರಡು ದಿನ ಆಯ್ತು. ಕರೆಂಟ್ ಈಗ್ ಕೊಟ್ಟೆ. ಸ್ಟಾಕ್ ಗಾಡಿ ಬಂದು ನಿಂತೈತೆ, ಓನರ್ ಬೈತಾವ್ರೆ. ಹೀಟರ್ ಕಾಯ್ಲಿ ಅಂತ ಬಿಡ್ಬೇಕಾ? ಇಲ್ಲಾ ಸ್ಟಾರ್ಟ್ ಹಾಕ್ಬಿಡ್ಲಾ?"

ಮುರಿದರೆ ಮುಂದಿನ ಕಾಗದ ತಿಮ್ಮರಾಯಪ್ಪ ಬರೆಯಲ್ಲ. ಇವನು ಬರೀತಾನೆ. ಗೊತ್ತು.

"ಹಾಕು ಗುರು. ಏನೂ ಆಗಲ್ಲ."

ಲಕ್ಷ್ಮಮ್ಮ ಪಾತ್ರೆ ಕೆಳಗಿಟ್ಟಳು. ಹನ್ನೆರಡು ಗಂಟೆ ಲೆಕ್ಕ ಅವಳಿಗೂ ಗೊತ್ತು, ಎಂಟು ವರ್ಷ ನನ್ನ ಬಾಯಲ್ಲಿ ಕೇಳಿದವಳು.

"ಫೋನ್ ಮಾಡು. ಬೇಡ ಅನ್ನು. ಅವನೂ ನಮ್ಮಂಗೇ ಕೂಲಿಯೋನು."

ಫೋನು ಪಕ್ಕದಲ್ಲೇ ಇದೆ. ಮಾಡ್ತೀನಿ. ಇದೊಂದು ಸಾಲು ಬರೆದು ಮುಗಿಸಿ...

"ಮಾಡೋ!" ಅಂತಿದ್ದಾಳೆ. ಮಾಡ್ತೀನಿ ಅಂದ್ನಲ್ಲ. ಇನ್ನೊಂದು ಸಾ—