ನಮ್ಮ ಗೋಠ್‌ನ ಒಂಬತ್ತು ಇಲಿಗಳು

ನಮ್ಮ ಗೋಠ್, ಲಮ್ಜುಂಗ್
ಆಷಾಢ ೧೪

ನನ್ನ ಮುದ್ದು ಕಾಂಛೀ,

ಹೇಗಿದ್ದೀಯಮ್ಮ? ಚೈತ್ರದಲ್ಲಿ ಬಂದಾಗ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಕಾಠ್ಮಂಡುವಿನ ಧೂಳು ನಿನಗೆ ಆಗಿಬರುವುದಿಲ್ಲವೆಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಶುಂಠಿ ಜಜ್ಜಿ ಹಾಕಿ ಬಿಸಿನೀರಾದರೂ ಕುಡಿ. ಇಲ್ಲಿ ನಾನು, ನಿನ್ನಪ್ಪ, ಐದು ಎಮ್ಮೆಗಳು ಎಲ್ಲರೂ ಚೆನ್ನಾಗಿದ್ದೇವೆ. ಮಳೆ ಹಿಡಿದಿದೆ, ಜಿಗಣೆಗಳ ಕಾಟ ಹೇಳತೀರದು. ನಿನ್ನಪ್ಪ ಕಾಲಿಗೆ ಉಪ್ಪಿನ ಬಟ್ಟೆ ಸುತ್ತಿಕೊಂಡು ದೊಡ್ಡ ಸಾಹುಕಾರರ ಹಾಗೆ ಒಲೆಯ ಮುಂದೆ ಕೂತಿರುತ್ತಾರೆ, ಹಾಲು ಕರೆಯುವವಳು ನಾನು. ಈ ವರ್ಷ ಕೆಳಗೆ ಜೋಳದ ಹೊಲದ ಬಳಿ ಹುಲ್ಲು ಬೇಗ ಒಣಗಿತು. ಜ್ಯೇಷ್ಠದವರೆಗೆ ಕಾಯಲಾಗದೆ, ನೀನು ಬಸ್ಸು ಹತ್ತಿದ ನಾಲ್ಕನೇ ದಿನವೇ ಎಮ್ಮೆ ಕೊಟ್ಟಿಗೆಯ ಬಿದಿರು ಚಾಪೆಗಳನ್ನು ಸುತ್ತಿ, ಇಡೀ ಗೋಠ್ ಬಿಚ್ಚಿ ಹೊತ್ತುಕೊಂಡು, ಎಮ್ಮೆಗಳ ಸಮೇತ ಮೇಲಿನ ಹುಲ್ಲುಗಾವಲಿಗೆ ಬಂದುಬಿಟ್ಟೆವು.

ನಿನ್ನ ಕಾಗದ ಬಂದು ಆರು ದಿನವಾಯಿತು. ದಿನಕ್ಕೊಂದು ಸಲ ಓದುತ್ತೇನೆ. ಅಕ್ಷರ ನೀನೇ ಕಲಿಸಿದ್ದು, ಅದು ತಿಳಿಯುತ್ತದೆ. ವಿಷಯ ಮಾತ್ರ ತಲೆಗೆ ಹತ್ತುವುದಿಲ್ಲ. ನಿನ್ನ ಓದಿಗೆಂದು ನಾನು ಹಿಡಿದು ಕಳಿಸಿದ ಇಲಿಗಳು ನೋಡಲು ಎತ್ತರದ ಕಾಡಿನ ಇಲಿಗಳ ಹಾಗೆಯೇ ಇವೆಯಂತೆ. ಆದರೆ ಆ ಇಲಿ ಅಷ್ಟು ಕೆಳಗೆ, ಜೋಳದ ಹೊಲದ ಮಗ್ಗುಲಲ್ಲಿ, ಇದುವರೆಗೆ ಯಾರಿಗೂ ಸಿಕ್ಕಿಲ್ಲವಂತೆ. ಆದ್ದರಿಂದ ಇದು ಬೇರೆಯೇ ಜಾತಿಯಿರಬಹುದೆಂದು ನಿನ್ನ ಗುರುಗಳು ಹಿಗ್ಗಿ ಹೋಗಿದ್ದಾರಂತೆ. ಶ್ರಾವಣದ ಮೊದಲ ವಾರ ದೊಡ್ಡವರ ಸಭೆಯಲ್ಲಿ ನೀನು ನಕ್ಷೆ ಹಿಡಿದು ನಿಲ್ಲುತ್ತೀಯಂತೆ. ಓದಿ ಅತ್ತೆ ಕಣೇ, ಸಂತೋಷಕ್ಕೆ. ಆಮೇಲೆ ಗೊಂದಲ ಶುರುವಾಯಿತು. ಅದೇ ಬಾಲ, ಅದೇ ಕಿವಿ, ಜಾಗ ಬೇರೆಯಾದರೆ ಜಾತಿಯೂ ಬೇರೆಯೇ? ಹಾಗಾದರೆ ನಾನು ಊರಿನಲ್ಲಿದ್ದಾಗ ಗುರುಂಗ್ ಜಾತಿಯವಳು, ಇಲ್ಲಿಗೆ ಬಂದರೆ ಯಾರು? ನಿನ್ನಪ್ಪನನ್ನು ಕೇಳಿದರೆ "ನೀನು ಎಲ್ಲಿದ್ರೂ ಜಗಳಗಂಟೀನೇ ಬಿಡು" ಅಂದರು.

ನೀನು ಹೇಳಿದಂತೆಯೇ ಮಾಡಿದ್ದೇನಲ್ಲ? "ಅಮ್ಮಾ, ಬೋನು ಗೋಠ್ ಪಕ್ಕಾನೇ ಇಡು, ಇಲಿ ಸಿಕ್ಕಿದ್ರೆ ಜಾಗದ ಹೆಸ್ರು ಬರ್ದು ಕಾಲಿಗೆ ಕಟ್ಟು" ಅಂದಿದ್ದೆ. ಒಂಬತ್ತಕ್ಕೂ ಬಟ್ಟೆ ಚೂರಿನ ಮೇಲೆ "ನಮ್ಮ ಗೋಠ್" ಎಂದು ದುಂಡಗೆ ಬರೆದು ಕಟ್ಟಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಇಲಿ ಕೆಡದಂತೆ ನೀನು ಕೊಟ್ಟ ಬಾಟಲಿಯ ಸ್ಪಿರಿಟ್ ಮೂಸಿ ನೋಡಿ ನಿನ್ನಪ್ಪ "ಇಲಿಗೆ ಇಷ್ಟೊಂದು, ನಂಗೆ ಒಂದು ಗುಟುಕೂ ಇಲ್ವಾ?" ಎಂದು ಎರಡು ದಿನ ಮುನಿಸಿಕೊಂಡಿದ್ದರು. ನೀನು ಬರೆದ ಆ "ಕೆಳಗೆ" ಎನ್ನುವ ಮಾತಿಗೆ ಬಂದಾಗಲೆಲ್ಲ ನನ್ನ ಬೆರಳು ಅಲ್ಲೇ ನಿಲ್ಲುತ್ತದೆ. ಯಾವ ಕೆಳಗೆ ಎಂದು ಕೇಳೋಣವೆನಿಸುತ್ತದೆ, ಕಾಗದ ಮಡಿಚಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾಠ್ಮಂಡುವಿಗೆ ಹೊರಟಿರುವ ನಮ್ಮೂರ ಮೇಷ್ಟ್ರ ಕೈಯಲ್ಲಿ ಈ ಕಾಗದದ ಜೊತೆ ಒಣಗಿಸಿದ ಗುಂದ್ರುಕ್ ಸೊಪ್ಪು ಕಳಿಸಿದ್ದೇನೆ, ಸಾರು ಮಾಡಿಕೋ. ಬೆಟ್ಟದ ದೇವರುಗಳು ನಿನ್ನ ಬೆನ್ನಿಗಿರಲಿ, ನೀನು ನಿಂತ ಕಡೆ ನಿನ್ನ ತಲೆ ಎತ್ತರವಾಗಿರಲಿ.

ನಿನ್ನ ಅಮ್ಮ,
ದಿಲ್‌ಶೋಭಾ

ಮ.ಬ.: ಮೇಷ್ಟ್ರು ಕೊಡೆ ಬಿಚ್ಚಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇದು ಮರೆತದ್ದಲ್ಲ, ಹೆದರಿ ಬಿಟ್ಟದ್ದು. ಕೆಳಗಿದ್ದ ನಾಲ್ಕು ದಿನ ಬೋನಿಗೆ ಏನೂ ಬೀಳಲಿಲ್ಲ. ಒಂಬತ್ತೂ ಸಿಕ್ಕಿದ್ದು ಇಲ್ಲಿ, ಮೇಲೆ, ಕಲ್ಲುಗೋಡೆಯ ಸಂದಿಯಲ್ಲಿ. ಗೋಠ್ ಎಲ್ಲಿ ಕಟ್ಟಿದರೂ ನಮ್ಮ ಗೋಠೇ ಅಲ್ಲವೇ, ಅದಕ್ಕೇ ಹಾಗೆ ಬರೆದೆ. ನಾವು ಬೇಗ ಮೇಲೆ ಬಂದದ್ದು ನಿನಗೆ ಗೊತ್ತಿರಲಿಲ್ಲ. "ಸುಮ್ನಿರೇ, ಮಗಳ ಹೆಸ್ರು ಮೇಲೆ ಬರ್ತಿದೆ, ಇಲಿ ಬಂದು ಸಾಕ್ಷಿ ಹೇಳುತ್ತಾ?" ಎನ್ನುತ್ತಾರೆ ನಿನ್ನಪ್ಪ. ನನಗೆ ನಿದ್ದೆ ಹತ್ತುತ್ತಿಲ್ಲ. ನಕ್ಷೆಯಲ್ಲಿ ಕೆಳಗಿಟ್ಟ ಚುಕ್ಕೆಯನ್ನು ಸಭೆಗೆ ಮೊದಲೇ ಅಳಿಸಿಬಿಡು. ಯಾರಾದರೂ ಕೇಳಿದರೆ, ನಮ್ಮಮ್ಮನಿಗೆ ಬರೆಯಲು ಬರುವುದಿಲ್ಲ ಎಂದು ಹೇಳು. ನನಗೆ ಬೇಸರವಾಗುತ್ತದೆ, ಆದರೂ ಹೇಳು.