ಗೆರೆಯಿಲ್ಲದ ಬೆರಳು

ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ಬೆರಳ ಗುರುತು ನೋಡುವ ಯಂತ್ರದ ಮುಂದೆ ಅಳುತ್ತಾ ನಿಂತಿದ್ದ ಹುಡುಗಿ ನಾನೇ. ಹತ್ತೂ ಬೆರಳು ಒತ್ತಿದರೂ ಕೆಂಪು ದೀಪವೇ ಬಂತು. "ಯಾರ ಬದಲಿಗೆ ಬರೆಯೋಕೆ ಬಂದಿದ್ದೀಯಮ್ಮ?" ಎಂದು ಕಾವಲಿನವರು ಕೇಳಿದರು. ಅಷ್ಟರಲ್ಲಿ ಒಳಗೆ ಗಂಟೆ ಹೊಡೆಯಿತು. ವಿಜ್ಞಾನದ ಪರೀಕ್ಷೆ ಕೈತಪ್ಪಿತು.

ಸರ್, ನಾನು ಬೇರೆ ಯಾರೂ ಅಲ್ಲ. ಅಮ್ಮನೂ ನಾನೂ ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಗೆಯುತ್ತೇವೆ. ಶಾಲೆಗೆ ಹೋಗುವ ಮುಂಚೆ ಇಪ್ಪತ್ತು ನನ್ನ ಪಾಲು. ಒಂದು ಬೆಡ್‌ಶೀಟಿಗೆ ಒಂದು ಸೂತ್ರದಂತೆ ಬಾಯಿಪಾಠ ಮಾಡಿಯೇ ಇಡೀ ಪುಸ್ತಕ ಮುಗಿಸಿದ್ದೇನೆ. ಬ್ಲೀಚಿಂಗ್ ಪುಡಿ ಬೆರಳಿನ ಗೆರೆಗಳನ್ನೂ ತಿನ್ನುತ್ತದೆಂದು ನಮಗೆ ಗೊತ್ತಿರಲಿಲ್ಲ. ಕೈ ಕೊಳೆಯಾಗಿದ್ದರೆ ಯಂತ್ರ ಒಪ್ಪುವುದಿಲ್ಲವೆಂದು ಯಾರೋ ಹೇಳಿದ್ದರು. ಅದಕ್ಕೆ ಅಮ್ಮ ನಿನ್ನೆ, "ಕೊಡಿಲ್ಲಿ, ಬೆಳ್ಳಗೆ ಮಾಡ್ತೀನಿ" ಎಂದು ನನ್ನ ಕೈಗಳನ್ನು ಅದೇ ಪುಡಿಯ ನೀರಿನಲ್ಲಿ ಅದ್ದಿ ಉಜ್ಜಿದಳು. ಈಗ ಮೂಲೆ ಹಿಡಿದು ಕೂತಿದ್ದಾಳೆ, ಊಟ ಮುಟ್ಟಿಲ್ಲ.

ನಾಳೆ ಗಣಿತ. ಪ್ರವೇಶ ಪತ್ರದಲ್ಲಿ ಫೋಟೋ ಇದೆ, ದಯವಿಟ್ಟು ಮುಖ ನೋಡಿ ಒಳಗೆ ಬಿಡಿ. ಅನುಮಾನವಿದ್ದರೆ ಗೇಟಿನಲ್ಲೇ ಯಾವ ಲೆಕ್ಕ ಬೇಕಾದರೂ ಕೊಡಿ, ನಿಂತಲ್ಲೇ ಬಿಡಿಸುತ್ತೇನೆ. ನಾಳೆಯೂ ತಪ್ಪಿದರೆ ನನ್ನ ಪಾಲು ಇಪ್ಪತ್ತಲ್ಲ, ನಲವತ್ತಾಗುತ್ತದೆ. ಆಮೇಲೆ ಸೂತ್ರ ಇಟ್ಟುಕೊಂಡು ಏನು ಮಾಡಲಿ, ಸರ್?

ಅರ್ಜಿಗೆ ಪೋಷಕರ ಸಹಿಯೂ ಬೇಕಂತೆ. ಅಮ್ಮನಿಗೆ ಬರೆಯಲು ಬಾರದು. ಕೆಳಗಿರುವುದು ಮಸಿ ಚೆಲ್ಲಿದ ಕಲೆಯಲ್ಲ, ಅವಳ ಹೆಬ್ಬೆಟ್ಟು. ಮೂರು ಸಲ ಒತ್ತಿಸಿದೆ, ಮೂರೂ ಸಲ ಹೀಗೇ ಬಂತು.

ಇಂತಿ,
ನಿಮ್ಮ ಪಟ್ಟಿಯ ನಲವತ್ತೊಂದನೇ ಹುಡುಗಿ